ಪಾತ್ರೆ ತಿಕ್ಕುವ ಹೀರೇಕಾಯಿ ನಾರು ಬೇಗ ಕಪ್ಪಾಗುತ್ತಿದೆ, ಏನು ಮಾಡೋದು?

ಪ್ರಶ್ನೆ:
ಪ್ಲಾಸ್ಟಿಕ್ ಸ್ಕ್ರಬ್ಬರ್ ಬಿಟ್ಟು ಹೀರೇಕಾಯಿ ನಾರು ಬಳಸುತ್ತಿದ್ದೇವೆ. 10 ದಿನಕ್ಕೇ ಕಪ್ಪಾಗಿ ವಾಸನೆ ಬರುತ್ತೆ, ನಾರು ಪುಡಿಪುಡಿ ಉದುರುತ್ತೆ. ತಳ ಹಿಡಿದ ಪಾತ್ರೆಗೆ ಸಾಲದು. ಎಲ್ಲಿ ತಪ್ಪಾಗುತ್ತಿದೆ?

ಉತ್ತರ 1:
ಉದುರುತ್ತಿದ್ದರೆ ಕಾಯಿ ಪೂರ್ತಿ ಬಲಿಯುವ ಮೊದಲೇ ಕಿತ್ತಿದ್ದು. ತುಪ್ಪದ ಹೀರೇಕಾಯಿಯೇ ಇದಕ್ಕೆ ಸರಿ. ಅದು ಬಳ್ಳಿಯಲ್ಲೇ ಒಣಗಬೇಕು. ಸಿಪ್ಪೆ ಕಂದು ಬಣ್ಣಕ್ಕೆ ತಿರುಗಿ, ಕೈಗೆ ಹಗುರಾಗಿ, ಅಲ್ಲಾಡಿಸಿದರೆ ಬೀಜ ಗಲಗಲ ಅನ್ನಬೇಕು. ಅರ್ಧ ಗಂಟೆ ನೀರಲ್ಲಿ ನೆನೆಸಿ ಸಿಪ್ಪೆ ಸುಲಿಯಿರಿ, ಕಾಯಿ ತಟ್ಟಿ ಬೀಜ ಉದುರಿಸಿ (ಮುಂದಿನ ಬಿತ್ತನೆಗೆ ಇಟ್ಟುಕೊಳ್ಳಿ). ಲೋಳೆ ಹೋಗುವವರೆಗೆ ಹಿಂಡಿ ಹಿಂಡಿ ತೊಳೆಯಿರಿ. ಒಳಗೆ ತಿರುಳು ಉಳಿದರೆ ಅದೇ ಕೊಳೆಯೋದು. ಎರಡು ದಿನ ಬಿಸಿಲಿಗೆ ಹಾಕಿ, ಮೂರು ಇಂಚಿನ ತುಂಡು ಮಾಡಿ.

ಉತ್ತರ 2:
ಕಪ್ಪಾಗೋದು ಬೂಷ್ಟಿನಿಂದ. ಸೋಪಿನ ಡಬ್ಬಿಯಲ್ಲಿ ಒದ್ದೆಯಾಗಿ ಬಿಡಲೇಬೇಡಿ. ಹಿಂಡಿ, ದಾರ ಕಟ್ಟಿ ಗಾಳಿಗೆ ನೇತುಹಾಕಿ. ಎರಡು ತುಂಡು ಇಟ್ಟುಕೊಂಡು ದಿನ ಬಿಟ್ಟು ದಿನ ಬಳಸಿದರೆ ಪೂರ್ತಿ ಒಣಗಲು ಸಮಯ ಸಿಗುತ್ತೆ. ವಾರಕ್ಕೊಮ್ಮೆ 5 ನಿಮಿಷ ಕುದಿಸಿ. ತಿಂಗಳೊಳಗೆ ಬದಲಿಸಿ, ಹಳೆಯದನ್ನು ಕತ್ತರಿಸಿ ಗೊಬ್ಬರದ ಗುಂಡಿಗೆ ಹಾಕಿ.

ಉತ್ತರ 3:
ತಳ ಹಿಡಿದದ್ದಕ್ಕೆ ತೆಂಗಿನ ನಾರೇ ಬೇಕು. ಹೊಸ ನಾರು ಕಂದು ಬಣ್ಣ ಬಿಡುತ್ತೆ, ರಾತ್ರಿ ನೆನೆಸಿ ನೀರು ಚೆಲ್ಲಿ. ಕಬ್ಬಿಣ, ಸ್ಟೀಲಿಗೆ ಜರಡಿ ಹಿಡಿದ ಸೌದೆ ಬೂದಿ ಸೇರಿಸಬಹುದು. ಅಲ್ಯೂಮಿನಿಯಂಗೆ ಮಾತ್ರ ಬೂದಿ ಬೇಡ, ಅದರ ಕ್ಷಾರ ಲೋಹವನ್ನೇ ತಿನ್ನುತ್ತೆ. ನಾನ್‌ಸ್ಟಿಕ್‌ಗೆ ತೆಂಗಿನ ನಾರೂ ಬೇಡ, ಗೀರು ಬೀಳುತ್ತೆ.