ಕನ್ನಡಕ ಬಿಸಾಡಿ ಅನ್ನೋ ವಿಡಿಯೋ: ಗೋಣಿಕೊಪ್ಪ ಎಸ್ಸೆಸ್ಸೆಲ್ಸಿ 1986 ಗುಂಪು

ಚಂಗಪ್ಪ: (ಫಾರ್ವರ್ಡ್ ಮಾಡಿದ ವಿಡಿಯೋ) ಎಲ್ಲರೂ ಕೊನೇ ತನಕ ನೋಡಿ. ಮನಸ್ಸಿನ ಒತ್ತಡ ಇಳಿದ್ರೆ ಕಣ್ಣು ತಾನಾಗಿ ಸರಿಯಾಗ್ತದೆ. ಅಂಗೈ ಉಜ್ಜಿ ಕಣ್ಣು ಮುಚ್ಚೋದು, ಬೆಳಗ್ಗಿನ ಸೂರ್ಯನನ್ನ ನೋಡೋದು, ಕಣ್ಣು ತಿರುಗಿಸೋದು, ಅಷ್ಟೇ. ಕಾಫಿ ಹೂ ಆದಾಗಿಂದ ಮಾಡ್ತಿದ್ದೇನೆ. ಈಗ ಚಾಳೀಸು ಇಲ್ಲದೆ ಪೇಪರ್ ಓದ್ತೇನೆ.

ಬೋಪಣ್ಣ: ಒಳ್ಳೇದು ಚಂಗಪ್ಪ. ನಮ್ಮ ಅಜ್ಜಂದಿರು ಎಲ್ಲಿ ಕನ್ನಡಕ ಹಾಕಿದ್ರು? ಮುದುಕರಾದ್ಮೇಲೂ ತೆಂಗಿನಕಾಯಿಗೆ ಇಟ್ಟ ಗುರಿ ತಪ್ತಿರಲಿಲ್ಲ.

ಸುಶೀಲಾ: ದಯವಿಟ್ಟು ಇದನ್ನ ಬೇರೆ ಗುಂಪಿಗೆ ಕಳಿಸಬೇಡಿ. ನನ್ನ ತಮ್ಮನ ಮಗಳು ಏಳನೇ ಕ್ಲಾಸು, ಮೈನಸ್ ಎರಡೂವರೆ. ಇಂಥದ್ದೇ ನೋಡಿ ಮನೆಯವರು ಕನ್ನಡಕ ತೆಗೆಸಿದ್ದಾರೆ. ಬೋರ್ಡ್ ಕಾಣೋದಿಲ್ಲ, ಪಕ್ಕದವಳ ಪುಸ್ತಕ ನೋಡಿ ಬರೀತಾಳೆ. ಕಾಪಿ ಹೊಡೀತಾಳೆ ಅಂತ ಕ್ಲಾಸಲ್ಲಿ ಎಬ್ಬಿಸಿ ನಿಲ್ಲಿಸಿದ್ರಂತೆ. ನಳಿನಿ, ನೀನು ದಿನಾ ಕಣ್ಣು ಪರೀಕ್ಷೆ ಮಾಡೋಳು, ಹೇಳು ಮಾರಾಯ್ತಿ.

ನಳಿನಿ: ಇವತ್ತೇ ಹಾಕಿಸು ಸುಶೀಲಾ. ಮಕ್ಕಳ ಮೈನಸ್ ನಂಬರ್ ಅಂದ್ರೆ ಸಾಮಾನ್ಯವಾಗಿ ಕಣ್ಣಿನ ಗುಡ್ಡೆ ಹಿಂದಕ್ಕೆ ಉದ್ದ ಬೆಳೆದಿದೆ ಅಂತ. ದೊಡ್ಡವರ ಕಣ್ಣು ಸುಮಾರು 24 ಮಿ.ಮೀ. ಇರ್ತದೆ. ಒಂದು ಮಿ.ಮೀ. ಉದ್ದ ಹೆಚ್ಚಾದ್ರೆ ಎರಡೂವರೆಯಿಂದ ಮೂರು ನಂಬರ್ ಬರ್ತದೆ. ಬೆಳೆದ ಗುಡ್ಡೆಯನ್ನ ಅಂಗೈಯಾಗಲಿ ಧ್ಯಾನವಾಗಲಿ ವಾಪಸ್ ಗಿಡ್ಡ ಮಾಡೋದಿಲ್ಲ. ಕನ್ನಡಕ ಹಾಕಿದ್ರೆ ಕಣ್ಣು ಸೋಮಾರಿ ಆಗ್ತದೆ ಅನ್ನೋದೂ ಸರಿಯಲ್ಲ. ಮಲೇಷ್ಯಾದಲ್ಲಿ ಒಂದಷ್ಟು ಮಕ್ಕಳಿಗೆ ಬೇಕಂತಲೇ ಕಮ್ಮಿ ಪವರ್ ಕೊಟ್ಟು ನೋಡಿದ್ರು, 2002ರಲ್ಲಿ ಅದು ಪ್ರಕಟ ಆಯ್ತು. ಪೂರ್ತಿ ಪವರ್ ಹಾಕಿದ ಮಕ್ಕಳಿಗಿಂತ ಅವರ ನಂಬರೇ ಬೇಗ ಏರಿತ್ತು. ಆ ಹುಡುಗಿ ಕ್ಲಾಸಲ್ಲಿ ಎದ್ದು ನಿಂತಿದ್ದು ಕೇಳಿ ಹೊಟ್ಟೆ ಉರೀತು ನನಗೆ.

ಚಂಗಪ್ಪ: ಇದನ್ನ ಹೇಳಿದ್ದು ಯಾರೋ ಬಾಬಾ ಅಲ್ಲ ನಳಿನಿ. ಬೇಟ್ಸ್ ಅಂತ ನ್ಯೂಯಾರ್ಕಿನ ಕಣ್ಣಿನ ಡಾಕ್ಟರೇ ಹೇಳಿದ್ದು.

ನಳಿನಿ: ಹೌದು, ವಿಲಿಯಂ ಬೇಟ್ಸ್. 1920ರಲ್ಲಿ ಪುಸ್ತಕ ಬರೆದ. ಗುಡ್ಡೆಯ ಹೊರಗಿನ ಸ್ನಾಯುಗಳು ಗುಡ್ಡೆಯನ್ನ ಒತ್ತೋದ್ರಿಂದ ಹತ್ತಿರದ್ದು ದೂರದ್ದು ಕಾಣ್ತದೆ, ಒಳಗಿನ ಲೆನ್ಸಿಗೆ ಅದರಲ್ಲಿ ಪಾತ್ರವೇ ಇಲ್ಲ ಅಂದ. ಅದು ನಿಜ ಆಗಿದ್ರೆ ಪೊರೆ ಆಪರೇಷನ್ ಆದವರಿಗೆ ಚಾಳೀಸೇ ಬೇಡ ಅಲ್ವಾ? ಹೊರಗಿನ ಸ್ನಾಯು ಯಾರೂ ಮುಟ್ಟೋದಿಲ್ಲ, ಲೆನ್ಸ್ ಮಾತ್ರ ಬದಲಾಗ್ತದೆ. ಮಾಮೂಲಿ ಲೆನ್ಸ್ ಕೂರಿಸಿ ದೂರದ್ದು ಸ್ಪಷ್ಟ ಮಾಡಿದ್ರೆ ಓದೋಕೆ ಕನ್ನಡಕ ಬೇಕೇ ಬೇಕು. ನಿಮ್ಮ ಅವ್ವನಿಗೂ ಹಾಗೇ ಆಗಿದ್ದು.

ಚಂಗಪ್ಪ: ಸರಿ, ಮನಸ್ಸಿನ ವಿಷಯ? ಹಾರ್ವರ್ಡ್‌ನಲ್ಲೇ ಪ್ರಯೋಗ ಆಗಿದೆ ಅಂತ ವಿಡಿಯೋದಲ್ಲಿ ಉಂಟು.

ನಳಿನಿ: ಅದು ಸುಳ್ಳಲ್ಲ. ಎಲೆನ್ ಲ್ಯಾಂಗರ್ ಅವರದ್ದು, 2010. ಅಕ್ಷರದ ಚಾರ್ಟನ್ನ ತಲೆಕೆಳಗು ಮಾಡಿದ್ರು, ಕೆಳಗೆ ಹೋದ ಹಾಗೆ ಅಕ್ಷರ ದೊಡ್ಡದು. ಮಾಮೂಲಿ ಚಾರ್ಟಲ್ಲಿ ಓದೋಕಾಗದ ಸಣ್ಣ ಅಕ್ಷರವನ್ನೂ ಜನ ಓದಿದ್ರು. ಆಗೋದಿಲ್ಲ ಅಂತ ಮೊದಲೇ ಕೈಬಿಡೋದು ತಪ್ಪಿತು, ಊಹೆ ಮಾಡೋ ಧೈರ್ಯ ಬಂತು ಅಂತ ನಾನು ಅರ್ಥ ಮಾಡ್ಕೊಳ್ತೇನೆ. ಮಸುಕಿಗೆ ಮಿದುಳು ಒಗ್ಗಿಕೊಳ್ಳೋದೂ ಉಂಟು. ಕನ್ನಡಕ ಬಿಟ್ಟು ಸ್ವಲ್ಪ ದಿನ ಕಳೆದ್ರೆ ಚಾರ್ಟಲ್ಲಿ ಒಂದೆರಡು ಸಾಲು ಹೆಚ್ಚು ಓದ್ತಾರೆ. ನಂಬರ್ ಅಳೆಯೋ ಮಷೀನಿಗೆ ಕೂರಿಸಿದ್ರೆ ಅದೇ ನಂಬರ್. ಕಾಣೋ ಅನುಭವ ಬದಲಾಗಿದೆ ಅನ್ನೋದನ್ನ ನಾನು ಒಪ್ತೇನೆ, ಕಣ್ಣು ಬದಲಾಗಿದೆ ಅನ್ನೋದನ್ನ ಒಪ್ಪೋಕಾಗಲ್ಲ.

ರಶೀದ್: ಆದರೆ ನನ್ನ ಅಣ್ಣನ ಮಗನಿಗೆ ಮೊದಲು ಒಂದು ಮೈನಸ್ ಅಂದ್ರು, ಹನಿ ಹಾಕಿ ನೋಡಿದ್ಮೇಲೆ ನಂಬರೇ ಇಲ್ಲ ಅಂದ್ರು. ಅದೆಂತ?

ನಳಿನಿ: ಹತ್ತಿರದ್ದನ್ನೇ ನೋಡಿ ನೋಡಿ ಒಳಗಿನ ಸ್ನಾಯು ಬಿಗಿ ಹಿಡಿದಿರ್ತದೆ ರಶೀದ್. ಅದು ಸುಳ್ಳು ಮೈನಸ್, ಸಡಿಲವಾದ್ರೆ ಹೋಗ್ತದೆ. ಅದಕ್ಕೇ ಮಕ್ಕಳಿಗೆ ಹನಿ ಹಾಕಿಯೇ ಪರೀಕ್ಷೆ ಮಾಡಿಸಬೇಕು. ಸುಶೀಲಾ, ಆ ಹುಡುಗಿಗೆ ಹಾಗೆ ಮಾಡಿದ್ರಾ ಕೇಳು. ನಂಬರ್ ಏರ್ತಾನೇ ಇದ್ರೆ ಏರೋ ವೇಗ ತಗ್ಗಿಸೋಕೆ ಕಮ್ಮಿ ಪ್ರಮಾಣದ ಅಟ್ರೋಪಿನ್ ಹನಿ ಉಂಟು. ಡಾಕ್ಟರ್ ಹತ್ತಿರ ಮಾತಾಡಲಿ.

ಬೋಪಣ್ಣ: ಹಾಗಾದ್ರೆ ಜೀವನಶೈಲಿಗೆ ಬೆಲೆಯೇ ಇಲ್ವಾ? ಅಜ್ಜಂದಿರ ವಿಷಯಕ್ಕೆ ನೀನು ಉತ್ತರ ಕೊಡಲಿಲ್ಲ.

ನಳಿನಿ: ಬೆಲೆ ತುಂಬಾ ಉಂಟು ಬೋಪಣ್ಣ, ಮಕ್ಕಳ ವಿಷಯದಲ್ಲಿ. ಅಜ್ಜಂದಿರು ಬೆಳೆದದ್ದು ಗದ್ದೆ ತೋಟದ ಬೆಳಕಲ್ಲಿ. ಚೀನಾದ ಗುವಾಂಗ್‌ಝೌನಲ್ಲಿ ಒಂದನೇ ಕ್ಲಾಸಿನ ಮಕ್ಕಳಿಗೆ ಶಾಲೇಲಿ ದಿನಾ 40 ನಿಮಿಷ ಹೆಚ್ಚಿಗೆ ಹೊರಗೆ ಬಿಟ್ರು. ಮೂರು ವರ್ಷದ ಮೇಲೆ ಅವರಲ್ಲಿ ಹೊಸದಾಗಿ ಮೈನಸ್ ಬಂದದ್ದು 30.4 ಶೇಕಡ, ಉಳಿದ ಶಾಲೆಗಳಲ್ಲಿ 39.5. ತೈವಾನ್ 2010ರಿಂದ ದಿನಕ್ಕೆ 120 ನಿಮಿಷ ಹೊರಗೆ ಇರಿಸೋಕೆ ಶಾಲೆಗಳಿಗೆ ಹೇಳಿತು. ನಮ್ಮ ಮಕ್ಕಳು ಜೂನಲ್ಲಿ ಮಳೆ ಹಿಡಿದ್ರೆ ವ್ಯಾನಿಂದ ಕ್ಲಾಸಿಗೆ, ಕ್ಲಾಸಿಂದ ಮೊಬೈಲಿಗೆ. ಟ್ಯೂಬ್‌ಲೈಟಿನ ಬೆಳಕು ಕೆಲವು ನೂರು ಲಕ್ಸ್ ಅಷ್ಟೇ, ಲಕ್ಸ್ ಅಂದ್ರೆ ಬೆಳಕಿನ ಅಳತೆ. ಮೋಡ ಕವಿದ ಹಗಲಲ್ಲೂ ಹೊರಗೆ ಸಾವಿರಗಟ್ಟಲೆ ಇರ್ತದೆ. ಮಳೆ ಬಿಟ್ಟ ಕೂಡಲೇ ಅಂಗಳಕ್ಕೆ ಅಟ್ಟಿ. ಬೇಕಾದ್ರೆ ಕೊಡೆ ಕೊಟ್ಟು ಅಟ್ಟಿ. ನಂಬರ್ ಬರೋದನ್ನ ತಡೆಯೋಕೆ ಇದು ಚೆನ್ನಾಗಿ ಕೆಲಸ ಮಾಡ್ತದೆ, ಬಂದ ನಂಬರನ್ನ ಅಳಿಸೋದಿಲ್ಲ. ಕನ್ನಡಕ ಇರೋ ಮಗು ಕನ್ನಡಕ ಹಾಕ್ಕೊಂಡೇ ಆಡಲಿ.

ರಶೀದ್: ಕಂಪ್ಯೂಟರ್ ಮುಂದೆ ಕೂತು ಉರಿ ಬರೋದಕ್ಕೆ?

ನಳಿನಿ: ಕಣ್ಣು ಮಿಟುಕಿಸೋದು ಕಮ್ಮಿ ಆಗಿ ಒಣಗ್ತದೆ. ಇಪ್ಪತ್ತು ನಿಮಿಷಕ್ಕೊಮ್ಮೆ ಕಿಟಕಿಯಾಚೆ ಸಿಲ್ವರ್ ಓಕ್ ತುದಿ ನೋಡು, ಇಪ್ಪತ್ತು ಸೆಕೆಂಡು ಸಾಕು.

ಚಂಗಪ್ಪ: ಎಲ್ಲ ಸರಿ. ನಾನು ಚಾಳೀಸು ಇಲ್ಲದೆ ಪೇಪರ್ ಓದ್ತಿರೋದು ಸುಳ್ಳಾ?

ನಳಿನಿ: ಸುಳ್ಳಲ್ಲ ಚಂಗಪ್ಪ, ನನಗೆ ಯೋಚನೆ ಹತ್ತಿರೋದೇ ಅದಕ್ಕೆ. ಒಂದು ಹೇಳು. ದೂರದ್ದು ಹೇಗೆ ಕಾಣ್ತದೆ? ರಾತ್ರಿ ಡ್ರೈವಿಂಗ್?

ಚಂಗಪ್ಪ: ಈ ಸಲ ಹಾಕಿ ಮ್ಯಾಚ್ ನೋಡೋಕೆ ಹೋದಾಗ ಆಟಗಾರರ ಬೆನ್ನ ಮೇಲಿನ ನಂಬರ್ ಸರಿಯಾಗಿ ಕಾಣಲಿಲ್ಲ. ತಿತಿಮತಿ ಕಡೆಯಿಂದ ರಾತ್ರಿ ಬರೋವಾಗ ಎದುರಿನ ಲಾರಿ ಲೈಟಿನ ಸುತ್ತ ಬಳೆ ಬಳೆ ಕಾಣ್ತದೆ. ವಯಸ್ಸು ಅಂದ್ಕೊಂಡೆ.

ನಳಿನಿ: ಪೊರೆ ಕೆಲವರಿಗೆ ಲೆನ್ಸಿನ ನಡುವೆ ಗಟ್ಟಿಯಾಗ್ತಾ ಬರ್ತದೆ. ಆಗ ಲೆನ್ಸ್ ಬೆಳಕನ್ನ ಹೆಚ್ಚು ಬಗ್ಗಿಸ್ತದೆ, ಕಣ್ಣು ಮೈನಸ್ ಕಡೆ ಜಾರ್ತದೆ. ಸ್ವಲ್ಪ ಕಾಲ ಓದೋಕೆ ಕನ್ನಡಕವೇ ಬೇಡ ಅನ್ನಿಸ್ತದೆ, ದೂರ ಮಾತ್ರ ಮಸುಕು. ಸಕ್ಕರೆ ಏರಿದ್ರೂ ಹೀಗೆ ನಂಬರ್ ಬದಲಾಗ್ತದೆ. ಕಣ್ಣಿನ ಒತ್ತಡವನ್ನೂ ನೋಡಿಸಬೇಕು. ಗ್ಲಾಕೋಮಾ ಅಂತ ಕಣ್ಣಿನ ನರ ಹಾಳು ಮಾಡೋ ಕಾಯಿಲೆ ಉಂಟು, ಅದು ಸಾಮಾನ್ಯವಾಗಿ ನೋವಿಲ್ಲದೆ ತಿನ್ನುತ್ತೆ, ಹೋದ ದೃಷ್ಟಿ ವಾಪಸ್ ಬರಲ್ಲ. ನಿನಗೆ ಇದೇ ಆಗಿದೆ ಅಂತ ಫೋನಲ್ಲಿ ಕೂತು ಹೇಳೋಕಾಗಲ್ಲ, ನೋಡಬೇಕು. ಪೊರೆಯೇ ಆಗಿದ್ರೆ ಹೆದರಿಕೆ ಬೇಡ, ಆಪರೇಷನ್ ಉಂಟು. ವಿಡಿಯೋ ನಂಬಿ ಮೂರು ವರ್ಷ ಕಳೆದುಬಿಡ್ತೀಯಲ್ಲ, ನನಗೆ ಅದೇ ಹೆದರಿಕೆ.

ಚಂಗಪ್ಪ: ಅಂಗೈ ಇಡೋದು ನಾನು ಬಿಡಲ್ಲ. ತಲೆನೋವು ಕಮ್ಮಿ ಆಗಿದೆ ನನಗೆ.

ನಳಿನಿ: ಬಿಡಬೇಡ. ಆರಾಮ ಸಿಗೋದು ನಿಜವೇ. ಸೂರ್ಯನನ್ನ ನೋಡೋದು ಮಾತ್ರ ಇವತ್ತಿಂದ ಬಂದ್. ನೋಟದ ನಡುಭಾಗವೇ ಸುಟ್ಟು ಹೋಗಬಹುದು, ಸುಡುವಾಗ ನೋವೂ ಗೊತ್ತಾಗಲ್ಲ.

ಸುಶೀಲಾ: ತಮ್ಮನಿಗೆ ನಿನ್ನ ಮೆಸೇಜ್ ಎಲ್ಲ ಕಳಿಸಿದೆ. ನಾಳೆ ಶಾಲೆಗೆ ಕನ್ನಡಕ ಹಾಕಿಯೇ ಕಳಿಸ್ತಾನಂತೆ. ಟೀಚರ್ ಹತ್ತಿರ ನಾನೇ ಹೋಗಿ ಮಾತಾಡ್ತೇನೆ.

ಚಂಗಪ್ಪ: ಗುರುವಾರ ಬರ್ಲಾ ನಳಿನಿ?

ನಳಿನಿ: ಬಾ, ಒಂಬತ್ತೂವರೆಗೆ. ಹಳೇ ಚೀಟಿ, ಹಳೇ ಕನ್ನಡಕ, ಸಕ್ಕರೆ ರಿಪೋರ್ಟ್ ಇದ್ರೆ ಅದೂ ತಾ. ಹನಿ ಹಾಕಿದ್ಮೇಲೆ ಕೆಲವು ಗಂಟೆ ಮಸುಕು ಇರ್ತದೆ, ಬಿಸಿಲು ಚುಚ್ಚುತ್ತದೆ. ಜೀಪ್ ನೀನು ಓಡಿಸಬೇಡ.

ರಶೀದ್: ನಾನು ಕರ್ಕೊಂಡು ಬರ್ತೇನೆ. ಎಂಟೂಮುಕ್ಕಾಲಿಗೆ ಗೇಟ್ ಹತ್ತಿರ ನಿಂತಿರು.