ಒಂದೇ ರಾತ್ರಿಯಲ್ಲಿ ಉಪ್ಪುನೀರಿನ ಟ್ಯಾಂಕ್ ಕೈಕೊಟ್ಟಿತು, ಉಳಿದ ಎರಡು ಕ್ಲೌನ್ ಮೀನು ಉಳಿಸುವುದು ಹೇಗೆ? (ಹಾಸನ)

ಹೊಸಉಪ್ಪು_ಹಾಸನ:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ಬೇಜಾರು ಮಾಡಿಕೊಳ್ಳಬೇಡಿ.

ನನ್ನದು ಮೂರು ಅಡಿ ಟ್ಯಾಂಕ್. ಕಲ್ಲು, ಮರಳು ಬಿಟ್ಟರೆ ನೀರು ಸುಮಾರು 100 ಲೀಟರ್. ಶುರು ಮಾಡಿ ನಾಲ್ಕು ತಿಂಗಳು. ಅದಕ್ಕೆ ಮೊದಲು ಆರು ವರ್ಷ ಗೋಲ್ಡ್ ಫಿಶ್, ಗಪ್ಪಿ ಸಾಕಿದ್ದೇನೆ, ಹಾಗಾಗಿ ನನಗೆ ಮೀನು ಗೊತ್ತು ಅಂದುಕೊಂಡಿದ್ದೆ. ಇದರಲ್ಲಿ ಇದ್ದದ್ದು ಎರಡು ಕ್ಲೌನ್, ಒಂದು ನೀಲಿ ಡ್ಯಾಮ್ಸೆಲ್ ಮೀನು, ಒಂದು ಕ್ಲೀನರ್ ಸೀಗಡಿ, ನಾಲ್ಕು ಹರ್ಮಿಟ್ ಏಡಿ, ಮೂರು ಬಸವನಹುಳು. ಕ್ಯಾನಿಸ್ಟರ್ ಫಿಲ್ಟರ್, ನೀರು ಅಲೆಯಾಡಿಸಲು ಸಣ್ಣದೊಂದು ವೇವ್‌ಮೇಕರ್, ಹೀಟರ್ ಇದೆ. ನೊರೆಯಲ್ಲಿ ಕೊಳೆ ಎತ್ತುವ ಸ್ಕಿಮ್ಮರ್ ಇಲ್ಲ.

ಶನಿವಾರ ಸಕಲೇಶಪುರಕ್ಕೆ ಅಜ್ಜಿ ಮನೆಗೆ ಹೋಗಿದ್ದೆವು. ರಾತ್ರಿ ಗಾಳಿ ಮಳೆಗೆ ನಮ್ಮ ಬೀದಿಯ ಲೈನ್ ಮೇಲೆ ಮರ ಬಿದ್ದಿದೆ. ಪಕ್ಕದ ಮನೆ ಆಂಟಿ ಲೆಕ್ಕದಲ್ಲಿ ಒಂಬತ್ತು ಗಂಟೆ ಕರೆಂಟ್ ಇರಲಿಲ್ಲ. ಮನೆಯಲ್ಲಿ ಯುಪಿಎಸ್ ಇದೆ, ಆದರೆ ಅದರ ಲೈನ್ ಇರುವುದು ಲೈಟು, ಫ್ಯಾನು, ಟಿವಿಗೆ. ಟಿವಿಗೆ ಕೊಟ್ಟು ಟ್ಯಾಂಕಿಗೆ ಕೊಟ್ಟಿಲ್ಲ, ಬರೆಯುವಾಗ ನನಗೇ ನಾಚಿಕೆ ಆಗುತ್ತಿದೆ.

ಭಾನುವಾರ ಮಧ್ಯಾಹ್ನ ಬಂದಾಗ ಕರೆಂಟ್ ಬಂದು ಎಲ್ಲ ಓಡುತ್ತಿತ್ತು. ನೀರು ಮಾತ್ರ ಅಕ್ಕಿ ತೊಳೆದ ನೀರಿನ ಹಾಗೆ. ಡ್ಯಾಮ್ಸೆಲ್ ಸತ್ತು ವೇವ್‌ಮೇಕರ್ ಜಾಲರಿಗೆ ಅಂಟಿಕೊಂಡಿತ್ತು. ಸೀಗಡಿ ಮರಳಿನ ಮೇಲೆ ಮಗುಚಿ ಬಿದ್ದಿತ್ತು. ಕ್ಲೌನ್ ಎರಡೂ ಮೇಲೆ ಬಂದು ಬಾಯಿ ಬಿಡುತ್ತಿದ್ದವು.

ಗಾಬರಿಯಲ್ಲಿ ಕ್ಯಾನಿಸ್ಟರ್ ಬಿಚ್ಚಿದೆ. ಮುಚ್ಚಳ ತೆಗೆದರೆ ಕೊಳೆತ ಮೊಟ್ಟೆ ವಾಸನೆ, ಅಮ್ಮ ಅಡುಗೆಮನೆಯಿಂದಲೇ ಕೂಗಿದರು. ಸೆರಾಮಿಕ್ ರಿಂಗ್ ಎಲ್ಲವನ್ನೂ ನಲ್ಲಿ ಕೆಳಗೆ ಹಿಡಿದು ಚೆನ್ನಾಗಿ ಉಜ್ಜಿ ತೊಳೆದೆ. 30 ಲೀಟರ್ ನೀರು ಬದಲಿಸಿದೆ. ಇವತ್ತು ಸೋಮವಾರ: ಅಮೋನಿಯಾ 2 ಪಿಪಿಎಂ, ಪಿಎಚ್ 8.2, ಸಾಲಿನಿಟಿ (ಉಪ್ಪಿನಂಶ) 1.024, ತಾಪ 24 ಡಿಗ್ರಿ.

ಅಂಗಡಿಯವರು ತಾಮ್ರದ ಔಷಧಿ ಹಾಕು, ಲೈವ್ ರಾಕ್ ತರಿಸಿಕೊಡುತ್ತೇನೆ, ಎಲ್ಲ ಸರಿಹೋಗುತ್ತದೆ ಅನ್ನುತ್ತಾರೆ. ಮಾವನ ಮಗ ನಾಳೆ ಲೋಡ್ ತೆಗೆದುಕೊಂಡು ಶಿರಾಡಿ ಇಳಿದು ಮಂಗಳೂರಿಗೆ ಹೋಗುತ್ತಾನೆ, ಎರಡು ಕ್ಯಾನ್ ಸಮುದ್ರದ ನೀರೇ ತರಲಾ ಅಂತ ಕೇಳುತ್ತಿದ್ದಾನೆ. ಯಾವುದು ಮಾಡಲಿ?

ಮೀನಕ್ಕ_ಚಿಕ್ಕಮಗಳೂರು:

ಮೂರೂ ಬೇಡ ಮಾರಾಯರೇ.

ತಾಮ್ರ ಪರಾವಲಂಬಿ ರೋಗಕ್ಕೆ ಹಾಕುವ ಔಷಧಿ. ನಿಮ್ಮಲ್ಲಿ ಈಗ ರೋಗ ಇಲ್ಲ, ವಿಷ ಇದೆ. ಅದನ್ನು ಹಾಕಿದರೆ ಉಳಿದಿರುವ ಏಡಿ, ಬಸವನಹುಳು ಕೂಡ ಹೋಗುತ್ತವೆ, ಕಲ್ಲು ಅದನ್ನು ಹೀರಿಕೊಂಡು ಮುಂದೆ ಸ್ವಲ್ಪ ಸ್ವಲ್ಪವೇ ಬಿಡುತ್ತಾ ಇರುತ್ತದೆ. ಲೈವ್ ರಾಕ್ ಅಂತ ಮಾರುವುದು ಬಹಳ ಸಲ ಸಮುದ್ರದಿಂದ ಕಿತ್ತ ಹವಳದ ಕಲ್ಲು. ಗಟ್ಟಿ ಹವಳಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೇ ಷೆಡ್ಯೂಲ್‌ನಲ್ಲಿವೆ, ಹುಲಿ ಇರುವ ಪಟ್ಟಿ ಅದು. ಇನ್ನು ಮಂಗಳೂರು ನೀರು. ಬೇಸಿಗೆಯಾಗಿದ್ದರೆ ಯೋಚನೆ ಮಾಡಬಹುದಿತ್ತೇನೋ. ಈ ಮಳೆಯಲ್ಲಿ ನೇತ್ರಾವತಿ, ಗುರುಪುರ ಎರಡೂ ಹೊಳೆ ಕೆಂಪಗೆ ತುಂಬಿ ಅಲ್ಲೇ ಸಮುದ್ರ ಸೇರುತ್ತವೆ, ದಡದಲ್ಲಿ ಕ್ಯಾನ್ ಮುಳುಗಿಸಿದರೆ ಸಿಗುವುದು ಮಣ್ಣು ಬೆರೆತ ಸಪ್ಪೆ ನೀರು.

ಏನಾಗಿದೆ ಅಂದರೆ, ಕ್ಯಾನಿಸ್ಟರ್ ಒಂದು ಮುಚ್ಚಿದ ಡಬ್ಬ. ಪಂಪ್ ನಿಂತ ಮೇಲೆ ಒಳಗಿರುವ, ಅಮೋನಿಯಾ ತಿಂದು ನೀರು ಶುದ್ಧ ಇಡುವ ಬ್ಯಾಕ್ಟೀರಿಯಾ ಅಲ್ಲಿದ್ದ ಆಮ್ಲಜನಕ ಬೇಗ ಮುಗಿಸಿಬಿಡುತ್ತವೆ. ಆಮೇಲೆ ಅವೇ ಸಾಯುತ್ತವೆ, ಕೊಳೆಯುತ್ತವೆ. ಕರೆಂಟ್ ಬಂದ ತಕ್ಷಣ ಪಂಪ್ ಆ ಕೊಳೆ ಪೂರ್ತಿ ಟ್ಯಾಂಕಿಗೆ ತಂದು ಸುರಿಯುತ್ತದೆ. ನಿಮ್ಮಲ್ಲಿ ಕರೆಂಟ್ ಹೋಗಿದ್ದಕ್ಕಿಂತ ಬಂದದ್ದೇ ಜಾಸ್ತಿ ಕೆಡಿಸಿದೆ. ರಿಂಗ್‌ನಲ್ಲಿ ಅಷ್ಟಿಷ್ಟು ಬದುಕಿದ್ದವು ನಲ್ಲಿ ನೀರಿಗೆ ಹೋದವು. ಕ್ಲೋರಿನ್ ಒಂದು ಕಡೆ, ಸಿಹಿನೀರು ಒಂದು ಕಡೆ.

ಗೋಲ್ಡ್ ಫಿಶ್ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಪಿಎಚ್ 7ರ ನೀರಲ್ಲಿ ಅಮೋನಿಯಾದ ನೂರರಲ್ಲಿ ಒಂದು ಭಾಗವೂ ವಿಷದ ರೂಪದಲ್ಲಿರುವುದಿಲ್ಲ. 8.2ಕ್ಕೆ ಅದು ಎಷ್ಟೋ ಪಟ್ಟು ಏರುತ್ತದೆ. ಆಮ್ಲಜನಕವೂ ಹಾಗೇ. 25 ಡಿಗ್ರಿಯಲ್ಲಿ ಸಿಹಿನೀರು ಲೀಟರಿಗೆ 8 ಮಿಲಿಗ್ರಾಂ ಚಿಲ್ಲರೆ ಹಿಡಿದರೆ ಸಮುದ್ರದ ನೀರು 7ರ ಒಳಗೇ.

ಈಗ ಮಾಡಬೇಕಾದ್ದು: ಗಪ್ಪಿ ಕಾಲದ ಏರ್ ಪಂಪ್ ಇದ್ದರೆ ತಂದು ಏರ್ ಸ್ಟೋನ್ ಹಾಕಿ. ವೇವ್‌ಮೇಕರ್ ಮುಖ ಮೇಲಕ್ಕೆ ತಿರುಗಿಸಿ, ನೀರಿನ ಮೇಲ್ಮೈ ಕುದಿಯುವ ಹಾಗೆ ಕಾಣಬೇಕು. ಊಟ ಮೂರು ದಿನ ಬಂದ್. ಹೀಟರ್ ಮುಟ್ಟಬೇಡಿ, 24 ಸಾಕು. ಮೂರು ಬಸವನಹುಳು ಅಂದಿರಿ, ಮೂರೂ ಕಣ್ಣಿಗೆ ಬಿದ್ದವಾ? ಒಂದೊಂದನ್ನೇ ಎತ್ತಿ ಮೂಸಿ ನೋಡಿ. ಸತ್ತದ್ದಾದರೆ ಮೂಗೇ ಹೇಳುತ್ತದೆ. ಒಂದು ಸತ್ತ ಹುಳು ಕಲ್ಲಿನ ಸಂದಿಯಲ್ಲಿ ಉಳಿದರೆ ನೀವು ಎಷ್ಟು ನೀರು ಬದಲಿಸಿದರೂ ಅಮೋನಿಯಾ ಇಳಿಯುವುದಿಲ್ಲ.

ಮತ್ತೆ ಎರಡು ಪ್ರಶ್ನೆ. ಆವಿಯಾಗಿ ನೀರು ಇಳಿದಾಗ ಮೇಲಿಂದ ಏನು ಹಾಕುತ್ತಿದ್ದಿರಿ? 1.024 ಅಂತ ಅಳೆದದ್ದು ಯಾವುದರಲ್ಲಿ?

ಗೊರೂರು_ಗಾಳ:

ಗುರು, ನನಗೂ ಹೋದ ವರ್ಷ ಹೀಗೇ ಆಗಿತ್ತು. ಆವತ್ತಿಂದ ಯುಪಿಎಸ್ ಲೈನಿಗೆ ವೇವ್‌ಮೇಕರ್ ಒಂದೇ ಕೊಟ್ಟಿದ್ದೇನೆ. ಹೀಟರ್ ಕೊಡಬೇಡ, ಬ್ಯಾಟರಿ ಕುಡಿದುಬಿಡುತ್ತದೆ. ಕ್ಯಾನಿಸ್ಟರ್‌ನ ಪ್ಲಗ್ ಬೇರೆ. ಕರೆಂಟ್ ಜಾಸ್ತಿ ಹೊತ್ತು ಹೋದರೆ ಅದರೊಳಗಿನ ನೀರು ಚೆಲ್ಲಿ, ಟ್ಯಾಂಕ್ ನೀರಲ್ಲೇ ಜಾಲಾಡಿ ಆಮೇಲೆ ಹಾಕುತ್ತೇನೆ.

ಇನ್ನೊಂದು, ನೈಟ್ರೈಟ್ (ಬ್ಯಾಕ್ಟೀರಿಯಾ ಅಮೋನಿಯಾ ತಿಂದಾಗ ಆಗುವುದು) ಟೆಸ್ಟ್ ಮಾಡಿ ನೇರಳೆ ಬಣ್ಣ ಬಂತು ಅಂತ ಮತ್ತೆ ಗಾಬರಿ ಬೀಳಬೇಡ. ಸಮುದ್ರದ ನೀರಲ್ಲಿ ಕ್ಲೋರೈಡ್ ತುಂಬಾ ಇರುತ್ತದೆ, ಅದು ನೈಟ್ರೈಟ್ ಕಿವಿರಿನೊಳಗೆ ಹೋಗದ ಹಾಗೆ ಅಡ್ಡ ನಿಲ್ಲುತ್ತದೆ. ಸಿಹಿನೀರಿನಷ್ಟು ಹೆದರಬೇಕಾಗಿಲ್ಲ. ಈಗ ನೋಡಬೇಕಾದ್ದು ಅಮೋನಿಯಾ ಒಂದೇ.

ಹೊಸಉಪ್ಪು_ಹಾಸನ:

ಅಕ್ಕ, ಬಸವನಹುಳು ಎರಡು ಸಿಕ್ಕವು, ಗಾಜಿಗೆ ಅಂಟಿಕೊಂಡಿವೆ. ಮೂರನೆಯದು ಹಿಂದಿನ ಕಲ್ಲಿನ ಕೆಳಗೆ. ಮೂಸಿದೆ. ಬರೆಯುವುದಿಲ್ಲ, ಊಟ ಮಾಡುವ ಹೊತ್ತು.

ನೀರು ಇಳಿದಾಗ ಉಪ್ಪುನೀರೇ ಹಾಕುತ್ತಿದ್ದೆ. ಉಪ್ಪುನೀರಿನ ಟ್ಯಾಂಕ್ ಅಲ್ವಾ ಅಂತ. ಅಳೆಯುವುದು ಪ್ಲಾಸ್ಟಿಕ್ ಡಬ್ಬಿಯೊಳಗೆ ಮುಳ್ಳು ಏರುವ ಹೈಡ್ರೋಮೀಟರ್. ಪ್ರತಿ ವಾರ ನೋಡುತ್ತಿದ್ದೆ, 1.024 ದಾಟಿದ್ದೇ ಇಲ್ಲ.

ಮೀನಕ್ಕ_ಚಿಕ್ಕಮಗಳೂರು:

ಹಾಗಾದರೆ ಕಥೆ ಶನಿವಾರದ್ದಲ್ಲ, ನಾಲ್ಕು ತಿಂಗಳದ್ದು. ಆವಿಯಾಗುವುದು ಬರೀ ನೀರು, ಉಪ್ಪು ಅಲ್ಲೇ ಕೂರುತ್ತದೆ. ಸಾರು ಕುದ್ದು ಇಳಿದರೆ ಉಪ್ಪಾಗುತ್ತದಲ್ಲ, ಅದಕ್ಕೆ ಮತ್ತೆ ಉಪ್ಪುನೀರು ಹಾಕಿದ ಹಾಗೆ ಇದು. ಮೇಲಿಂದ ಹಾಕಬೇಕಾದ್ದು ಸಪ್ಪೆ ಆರ್‌ಒ ನೀರು. ಹಾಗಿದ್ದರೂ ಮೀಟರ್ ಕದಲಿಲ್ಲ ಅಂದರೆ ನನಗೆ ಮೀಟರ್ ಮೇಲೇ ಅನುಮಾನ. ಆ ಮುಳ್ಳಿನ ಮೇಲೆ ಉಪ್ಪು ಕಟ್ಟಿಕೊಂಡರೆ ತೂಕ ಬಂದು ಕಡಿಮೆ ತೋರಿಸುತ್ತದೆ.

ಅಡುಗೆಮನೆ ತಕ್ಕಡಿ ಇದೆಯಾ? 37 ಗ್ರಾಂ ಅಡುಗೆ ಉಪ್ಪು, 963 ಗ್ರಾಂ ಆರ್‌ಒ ನೀರು. ಪೂರ್ತಿ ಕರಗಿಸಿ, 25 ಡಿಗ್ರಿ ಹತ್ತಿರ ಇರಲಿ, ಹೈಡ್ರೋಮೀಟರ್‌ಗೆ ಹಾಕಿ, ತಟ್ಟಿ ಗುಳ್ಳೆ ಬಿಡಿಸಿ. 1.026 ತೋರಿಸಬೇಕು. (ಈ ನೀರು ಮೀನಿಗಲ್ಲ, ಮೀಟರ್‌ಗೆ ಮಾತ್ರ.)

ಹೊಸಉಪ್ಪು_ಹಾಸನ:

1.019. ಮೂರು ಸಲ ಮಾಡಿದೆ.

ಅಂದರೆ ನನ್ನ ಟ್ಯಾಂಕ್ 1.031?

ಮೀನಕ್ಕ_ಚಿಕ್ಕಮಗಳೂರು:

ಹೌದು, ಹತ್ತಿರ ಹತ್ತಿರ ಅಷ್ಟೇ. 35 ಪಿಪಿಟಿ (ಸಾವಿರ ಭಾಗಕ್ಕೆ ಎಷ್ಟು ಉಪ್ಪು ಅನ್ನುವ ಲೆಕ್ಕ) ಇರಬೇಕಾದ ಕಡೆ 41. ಉಪ್ಪು ಏರಿದಷ್ಟೂ ನೀರು ಹಿಡಿಯುವ ಆಮ್ಲಜನಕ ಇಳಿಯುತ್ತದೆ, ಮೀನು ಮೊದಲೇ ಏದುಸಿರಲ್ಲಿತ್ತು, ಒಂಬತ್ತು ಗಂಟೆ ತಡೆಯಲಿಲ್ಲ.

ಈಗಲೇ ಸಿಹಿನೀರು ಸುರಿದು ಸರಿ ಮಾಡಲು ಹೋಗಬೇಡಿ, ಏಡಿಗಳು ತಡೆಯುವುದಿಲ್ಲ. ಅದೃಷ್ಟಕ್ಕೆ ಎರಡೂ ತೊಂದರೆಗೆ ಮದ್ದು ಒಂದೇ. ದಿನಕ್ಕೆ 25 ಲೀಟರ್ ತೆಗೆದು, ಸರಿಯಾಗಿ 35 ಪಿಪಿಟಿಗೆ ಕಲಸಿದ ನೀರು 25 ಲೀಟರ್ ಹಾಕಿ. ಮೊದಲ ದಿನ 41 ಇದ್ದದ್ದು 39.5 ಆಗುತ್ತದೆ, ಮಾರನೇ ದಿನ 38ರ ಮೇಲೆ, ಐದನೇ ದಿನಕ್ಕೆ 36 ಚಿಲ್ಲರೆ. ಅಮೋನಿಯಾ ಕೂಡ ದಿನಕ್ಕೆ ಕಾಲು ಭಾಗ ಹೊರಗೆ. ಉಪ್ಪನ್ನು ಮೀಟರ್ ನಂಬಿ ಕಲಸಬೇಡಿ, ತೂಕ ಹಾಕಿ: ಲೀಟರಿಗೆ 36ರಿಂದ 38 ಗ್ರಾಂ, ಪ್ಯಾಕೆಟ್ ಮೇಲೆ ಇರುತ್ತದೆ ನೋಡಿ. ಹಿಂದಿನ ರಾತ್ರಿಯೇ ಬಕೆಟ್‌ನಲ್ಲಿ ಕಲಸಿ ಏರ್ ಸ್ಟೋನ್ ಬಿಟ್ಟಿಡಿ. ಹಾಕುವ ಮುಂಚೆ ತಾಪ ಒಂದೇ ಇದೆಯಾ ನೋಡಿ, ಈಗ ರಾತ್ರಿ ಬಕೆಟ್ ನೀರು ಐಸ್ ಆಗಿರುತ್ತದೆ. ಅರ್ಧ ಗಂಟೆಯಲ್ಲಿ ನಿಧಾನ ಸುರಿಯಿರಿ. ಮರಳು ಕೆದಕಬೇಡಿ, ಕಲ್ಲು ಉಜ್ಜಬೇಡಿ. ನಿಮ್ಮಲ್ಲಿ ಉಳಿದಿರುವ ಬ್ಯಾಕ್ಟೀರಿಯಾ ಈಗ ಅಲ್ಲೇ ಇರುವುದು.

ಹೈಡ್ರೋಮೀಟರನ್ನು ವಿನೆಗರ್‌ನಲ್ಲಿ ನೆನೆಹಾಕಿ.

ನನ್ನ ಟ್ಯಾಂಕಿನ ಫಿಲ್ಟರ್ ಸಂಪ್‌ನಲ್ಲಿ ಒಂದು ಕೆಜಿ ರಿಂಗ್ ಜಾಸ್ತಿ ಇದೆ. ಎರಡು ವರ್ಷದ್ದು, ತಾಮ್ರ ಕಂಡಿಲ್ಲ, ಈಚೆಗೆ ಹೊಸ ಮೀನೂ ಬಿಟ್ಟಿಲ್ಲ. ಬುಧವಾರ ಕೆಲಸದ ಮೇಲೆ ಬೇಲೂರಿಗೆ ಬರುತ್ತೇನೆ. ಬಸ್ ಸ್ಟ್ಯಾಂಡ್ ಹತ್ತಿರ ಹನ್ನೊಂದಕ್ಕೆ ಸಿಗಿ. ಟ್ಯಾಂಕ್ ನೀರಲ್ಲೇ ಮುಳುಗಿಸಿ ತರುತ್ತೇನೆ, ನೀವು ಬ್ಯಾಟರಿ ಏರ್ ಪಂಪ್ ತನ್ನಿ. ಹಾಸನಕ್ಕೆ ಹೋಗುವಷ್ಟರಲ್ಲಿ ಮತ್ತೆ ಅದೇ ಕ್ಯಾನಿಸ್ಟರ್ ಕಥೆ ಆಗಬಾರದು.

ಗೊರೂರು_ಗಾಳ:

ಬೇಲೂರಲ್ಲಿ ಎಲ್ಲರೂ ಶಿಲಾಬಾಲಿಕೆ ನೋಡಲು ಬಂದರೆ ಇವರು ಬ್ಯಾಕ್ಟೀರಿಯಾ ಹಸ್ತಾಂತರ 😄

ಹೊಸಉಪ್ಪು_ಹಾಸನ:

ಒಂದು ವಾರದ ಸುದ್ದಿ ಹೇಳುತ್ತೇನೆ.

ಬುಧವಾರ ಬೆಳಿಗ್ಗೆ ದೊಡ್ಡ ಕ್ಲೌನ್ ಹೋಯಿತು. ಬೇಲೂರಿಗೆ ಹೊರಡುವ ಮುಂಚೆಯೇ. ಹೋಗುವುದೋ ಬೇಡವೋ ಅಂತ ಅರ್ಧ ಗಂಟೆ ಟ್ಯಾಂಕ್ ಮುಂದೆ ಕೂತಿದ್ದೆ, ಅಮ್ಮ ಬೈದು ಬಸ್ ಹತ್ತಿಸಿದರು. ಬರುವಾಗ ಬಸ್‌ನಲ್ಲಿ ಕಾಲ ಮಧ್ಯೆ ಬಕೆಟ್, ಅದರಲ್ಲಿ ಗುಳುಗುಳು ಸದ್ದು. ಕಂಡಕ್ಟರ್ ಏನ್ರೀ ಮೀನಾ ಅಂದರು. ಕಲ್ಲು ಅಂದೆ. ಒಂದು ಥರಾ ನೋಡಿದರು.

ರಿಂಗ್ ಹಾಕಿದ ಮಾರನೇ ದಿನ ಅಮೋನಿಯಾ 0.5ರಲ್ಲಿತ್ತು, ನಿನ್ನೆ 0.25, ಇವತ್ತು ಟ್ಯೂಬ್ ಹಳದಿ ಅಂತಲೇ ಕಾಣುತ್ತಿದೆ, ಆದರೆ ಟ್ಯೂಬ್‌ಲೈಟ್ ಬೆಳಕಲ್ಲಿ ನೋಡಿದ್ದು, ಬೆಳಿಗ್ಗೆ ಬಿಸಿಲಲ್ಲಿ ಇನ್ನೊಮ್ಮೆ ನೋಡುತ್ತೇನೆ. ನೀರು ತಿಳಿಯಾಗಿದೆ. ವಿನೆಗರ್‌ನಲ್ಲಿ ನೆನೆದ ಮೇಲೆ ಹೈಡ್ರೋಮೀಟರ್ ಅಡುಗೆ ಉಪ್ಪಿನ ನೀರಿಗೆ 1.025 ತೋರಿಸಿತು. ಆ ಪುಟ್ಟ ಮುಳ್ಳಿನ ಮೇಲೆ ಬಿಳಿ ಪುಡಿ ಕಟ್ಟಿತ್ತು, ಉಗುರಲ್ಲಿ ಕೆರೆದರೂ ಬರುತ್ತಿರಲಿಲ್ಲ. ಏಡಿ ಮೂರು ಓಡಾಡುತ್ತಿವೆ, ನಾಲ್ಕನೆಯದರ ಖಾಲಿ ಚಿಪ್ಪು ಸಿಕ್ಕಿದೆ, ಅದು ಸತ್ತಿದೆಯೋ ಮನೆ ಬದಲಿಸಿದೆಯೋ ಗೊತ್ತಿಲ್ಲ. ಯುಪಿಎಸ್ ಲೈನನ್ನು ಎಲೆಕ್ಟ್ರಿಷಿಯನ್ ಕರೆಸಿ ಟ್ಯಾಂಕಿಗೆ ಎಳೆಸಿದೆ. ಟಿವಿ ಲೈನ್ ಕಟ್ ಮಾಡಿಸಿದ್ದಕ್ಕೆ ಅಪ್ಪ ಇನ್ನೂ ಮಾತಾಡಿಲ್ಲ.

ಚಿಕ್ಕ ಕ್ಲೌನ್ ಇವತ್ತು ಸಂಜೆ ಎರಡು ಬ್ರೈನ್ ಶ್ರಿಂಪ್ (ಮೀನಿಗೆ ಹಾಕುವ ಪುಟ್ಟ ಉಪ್ಪುನೀರಿನ ಸೀಗಡಿ) ತಿಂದಿತು. ಮೂರನೆಯದನ್ನು ಬಾಯಿಗೆ ಹಾಕಿ ಉಗಿಯಿತು. ಜೊತೆಗೆ ಇನ್ನೊಂದು ತರಲಾ ಅಂತ ಕೇಳಬೇಕು ಅಂದುಕೊಂಡೆ, ನೀವು ಬೈಯುತ್ತೀರಿ ಅಂತ ಗೊತ್ತು.

ಮೀನಕ್ಕ_ಚಿಕ್ಕಮಗಳೂರು:

ಬೈಯುತ್ತೇನೆ. ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಗೆ ಬಂದು ಒಂದು ತಿಂಗಳು ನಿಲ್ಲಲಿ. ಒಂಟಿ ಕ್ಲೌನ್ ಆರಾಮವಾಗಿ ಇರುತ್ತದೆ. ತರುವಾಗಲೂ ಸಮುದ್ರದಲ್ಲಿ ಹಿಡಿದದ್ದು ಬೇಡ, ಸಾಕಣೆಯಲ್ಲಿ ಹುಟ್ಟಿದ್ದನ್ನೇ ಕೇಳಿ. ಕ್ಲೌನ್ ಮರಿ ಮಾಡಿಸುವ ವಿಧಾನ ನಮ್ಮ ದೇಶದಲ್ಲೇ ಕೇಂದ್ರ ಸಮುದ್ರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯವರು ಮಾಡಿ ತೋರಿಸಿದ್ದಾರೆ. ಈಗ ಇರುವುದಕ್ಕಿಂತ ಚಿಕ್ಕದು ತನ್ನಿ, ಇಲ್ಲದಿದ್ದರೆ ಜಗಳ.

ಹೊಸಉಪ್ಪು_ಹಾಸನ:

ಸರಿ ಅಕ್ಕ. ನಿಮ್ಮ ನೀಲಿ ಬಕೆಟ್ ಇಲ್ಲೇ ಇದೆ, ಅಮ್ಮ ಅದರಲ್ಲಿ ಬಟ್ಟೆ ನೆನೆಹಾಕಲು ಹೊರಟಿದ್ದರು, ಕಿತ್ತಿಟ್ಟಿದ್ದೇನೆ. ಬೇಲೂರಿಗೆ ಮತ್ತೆ ಯಾವಾಗ ಬರುತ್ತೀರಿ?