ಬಾಡಿಗೆ ಮನೆ ಕೈಗೆಟುಕಬೇಕಾದರೆ ಪಾಲಿಕೆಯನ್ನು ಏನು ಕೇಳೋಣ?

ಕೇಳಿದವರು, ಬಸವನಗುಡಿ:
ಎಲ್ಲರಿಗೂ ನಮಸ್ಕಾರ. ಬಾಡಿಗೆ ಮನೆಗಳ ವಿಷಯಕ್ಕೆ ಪಾಲಿಕೆಗೆ ಮನವಿ ಕೊಡಲು ನಾವು ಕೆಲವರು ಸೇರಿದ್ದೇವೆ. ಬರೀ "ಬಾಡಿಗೆ ಇಳಿಸಿ" ಅಂತ ಬರೆದರೆ ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ. ಮನೆ ಕೊಟ್ಟವರು, ಬಾಡಿಗೆಗೆ ಇರುವವರು, ಬೇರೆ ಊರಲ್ಲಿ ನೋಡಿದವರು ಅನುಭವ ಹೇಳಿ.

ಬಾಡಿಗೆಗೆ ಇರುವವರು, ವಿಜಯನಗರ:
ಮೊದಲು ಅಡ್ವಾನ್ಸ್. ನಮ್ಮ ಬಾಡಿಗೆ 16 ಸಾವಿರ, ಹತ್ತು ತಿಂಗಳ ಅಡ್ವಾನ್ಸ್ 1.6 ಲಕ್ಷ. ಹೆಂಡತಿಯ ಸರ ಅಡವಿಟ್ಟು ಹೊಂದಿಸಿದೆ. ಹಿಂದಿನ ಮನೆಯವರು ಪೇಂಟಿಂಗ್ ಅಂತ ಒಂದು ತಿಂಗಳ ಬಾಡಿಗೆ ಹಿಡಿದುಕೊಂಡು, ಉಳಿದದ್ದನ್ನು ಮೂರು ತಿಂಗಳು ಸುತ್ತಾಡಿಸಿ ಕೊಟ್ಟರು. ಕೇಂದ್ರದ 2021ರ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡು ತಿಂಗಳ ಅಡ್ವಾನ್ಸ್ ಸಾಕು ಅನ್ನುತ್ತದೆ. ಆದರೆ ಅದು ಮಾದರಿ ಮಾತ್ರ, ಜಾರಿ ಮಾಡಬೇಕಾದದ್ದು ರಾಜ್ಯ. ನಮ್ಮ 1999ರ ಬಾಡಿಗೆ ಕಾಯ್ದೆ ಬೆಂಗಳೂರಿನಲ್ಲಿ ತಿಂಗಳಿಗೆ 3,500 ರೂಪಾಯಿ ಮೀರಿದ ಬಾಡಿಗೆಗೆ ಅನ್ವಯಿಸುವುದೇ ಇಲ್ಲ. ಇದು ಪಾಲಿಕೆ ಕೈಯಲ್ಲಿಲ್ಲ, ಶಾಸಕರಿಗೂ ಒಂದು ಪ್ರತಿ ಕೊಡಿ.

ಗೃಹಿಣಿ, ಹನುಮಂತನಗರ:
ನಮ್ಮ ಮಾವನವರದು ಇಲ್ಲಿ ಒಂದು ವಠಾರ ಇತ್ತು. 40x60ರ ಸೈಟಿನಲ್ಲಿ ಎದುರುಬದುರು ಆರು ಮನೆ, ನಡುವೆ ಉದ್ದನೆಯ ಅಂಗಳ, ಒಂದು ನಲ್ಲಿ. ಮನೆ ಅಂದರೆ ನಡುಮನೆ, ಅಡುಗೆಮನೆ, ಅಷ್ಟೆ. ಕರೆಂಟಿಗೆ ಒಂದೇ ಮೀಟರ್. ತಿಂಗಳ ಕೊನೆಗೆ ಅತ್ತೆ ಸ್ಲೇಟು ಹಿಡಿದು ಕೂತು, ದೀಪಕ್ಕಿಷ್ಟು, ಇಸ್ತ್ರಿಪೆಟ್ಟಿಗೆಗಿಷ್ಟು ಅಂತ ಬಿಲ್ಲು ಹಂಚುತ್ತಿದ್ದರು. ದರ್ಜಿ, ಮೇಷ್ಟರು, ಪ್ರೆಸ್ಸಿನಲ್ಲಿ ಅಚ್ಚಿನ ಮೊಳೆ ಜೋಡಿಸುವವರು, ಅಡುಗೆ ಕೆಲಸಕ್ಕೆ ಹೋಗುವ ಒಬ್ಬ ಅಮ್ಮ, ಎಲ್ಲ ಅಲ್ಲೇ ಇದ್ದರು.

ಮಾವ ಹೋದ ಮೇಲೆ ಭಾಗವಾಯಿತು, ವಠಾರ ಕೆಡವಿದೆವು. ಸಣ್ಣ ಮನೆಗಳನ್ನೇ ಮತ್ತೆ ಕಟ್ಟಿಸುವ ಆಸೆ ನನಗಿತ್ತು. ಇಂಜಿನಿಯರ್ ಲೆಕ್ಕ ಹಾಕಿ ತೋರಿಸಿದರು: ಸುತ್ತ ಜಾಗ ಬಿಡಬೇಕು, ಕೆಳಗೆ ಕಾರಿಗೆ ಬಿಡಬೇಕು, ಉಳಿದದ್ದರಲ್ಲಿ ಸಣ್ಣ ಮನೆ ಕಟ್ಟಿದರೆ ಹಾಕಿದ ದುಡ್ಡು ಹುಟ್ಟುವುದಿಲ್ಲ. ನಮ್ಮ ಆರು ಮನೆಯವರಲ್ಲಿ ಒಬ್ಬರಿಗೂ ಕಾರಿರಲಿಲ್ಲ! ಕೊನೆಗೆ ಮೂರು ದೊಡ್ಡ ಮನೆ ಎದ್ದವು. ಅಡುಗೆಯ ಅಮ್ಮ ಜಿಗಣಿ ಕಡೆ ಹೋದರು, ಈಗಲೂ ಎರಡು ಬಸ್ಸು ಹತ್ತಿ ನಮ್ಮ ರಸ್ತೆಗೇ ಕೆಲಸಕ್ಕೆ ಬರುತ್ತಾರೆ. ಎದುರು ಸಿಕ್ಕರೆ ಮಾತಾಡಿಸಲು ನನಗೆ ಸಂಕಟವಾಗುತ್ತದೆ.

ಬಸ್ಸು, ಮೆಟ್ರೋ ಹತ್ತಿರವಿದ್ದರೆ ಸಣ್ಣ ಬಾಡಿಗೆ ಮನೆಗೆ ಕಾರಿನ ಜಾಗ ಕೇಳಬೇಡಿ ಅಂತ ಬರೆಯಿರಿ. ಗಾಳಿ, ಬೆಳಕು, ಮನೆಗೊಂದು ಶೌಚಾಲಯ, ಇವಕ್ಕೆ ಮಾತ್ರ ನಿಯಮ ಬಿಗಿಯಾಗಿರಲಿ. ಆರು ಮನೆಗೆ ಎರಡೇ ಕಕ್ಕಸು ಇದ್ದ ಕಷ್ಟ ಹೆಂಗಸರಿಗೇ ಗೊತ್ತು.

ಎರಡು ಮನೆ ಬಾಡಿಗೆಗೆ ಕೊಟ್ಟವರು, ಶ್ರೀನಗರ:
ತೆರಿಗೆಯ ಮಾತೂ ಸೇರಿಸಿ. 2008ರಲ್ಲಿ ಬಂದ ಆಸ್ತಿ ತೆರಿಗೆ ಪದ್ಧತಿಯಲ್ಲಿ ಬಾಡಿಗೆ ಮನೆಯ ದರ ಸ್ವಂತ ವಾಸದ ಮನೆಗಿಂತ ಎರಡರಷ್ಟಾಯಿತು. ಅದು ಬಾಡಿಗೆಯ ಮೇಲೇ ಬೀಳುತ್ತದೆ. ಕಡಿಮೆ ಬಾಡಿಗೆಯ ಮನೆಗಾದರೂ ಸ್ವಂತ ಮನೆಯ ದರವೇ ಸಿಗಲಿ.

ವಿಯೆನ್ನಾದಲ್ಲಿರುವ ಕನ್ನಡಿಗರು:
ಇಲ್ಲಿ ಊರಿನ ಹತ್ತಿರ ಹತ್ತಿರ ಅರ್ಧ ಜನ ನಗರಸಭೆಯ ಮನೆಗಳಲ್ಲಿ, ಇಲ್ಲವೇ ಲಾಭಕ್ಕೆ ಮಿತಿ ಇರುವ ಸಂಘಗಳ ಮನೆಗಳಲ್ಲಿ ಬಾಡಿಗೆಗಿದ್ದಾರೆ. ನಗರಸಭೆಯವೇ ಸುಮಾರು 2.2 ಲಕ್ಷ ಮನೆ. 1923ರಲ್ಲಿ ದೊಡ್ಡ ಮನೆಗಳಿಗೆ ಹೆಚ್ಚು ಬೀಳುವಂಥ ತೆರಿಗೆ ಹಾಕಿ, ಆ ದುಡ್ಡಿನಲ್ಲಿ ಕಟ್ಟಲು ಶುರುಮಾಡಿದರು. ಮೇಷ್ಟರೂ ಬಸ್ ಚಾಲಕರೂ ಒಂದೇ ಮೆಟ್ಟಿಲು ಹತ್ತುತ್ತಾರೆ. ನಮ್ಮಲ್ಲಿ 1976ರಿಂದ ಬಿಡಿಎ (ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ) ರೈತರ ಜಮೀನು ಪಡೆದು, ಸೈಟು ಮಾಡಿ ಹಂಚುತ್ತಾ ಬಂದಿದೆ. ಹಂಚಿದ ಸೈಟು ಮತ್ತೆ ಊರಿನ ಕೈಗೆ ಬರುವುದಿಲ್ಲ. ಮುಂದಿನ ಬಡಾವಣೆಗಳಲ್ಲಿ ಒಂದು ಪಾಲನ್ನು ಮಾರದೆ ಉಳಿಸಿಕೊಂಡು ಬಾಡಿಗೆ ಮನೆ ಕಟ್ಟಲಿ. ಸೈಟಿನ ಅರ್ಜಿಯಲ್ಲೇ ವಯಸ್ಸು ಕಳೆದ ನಮ್ಮಪ್ಪನಂಥವರಿಗೆ ಆಗ ಒಂದು ದಾರಿ ಇರುತ್ತಿತ್ತು.

ಕೇಳಿದವರು:
ಎಲ್ಲ ಬರೆದುಕೊಂಡೆ. ಹನುಮಂತನಗರದ ಅಮ್ಮಾ, ವಠಾರದ ಹಳೆಯ ನಕ್ಷೆ ಏನಾದರೂ ಉಳಿದಿದೆಯಾ?

ಗೃಹಿಣಿ, ಹನುಮಂತನಗರ:
ಇದೆ ಮಗು. ಮಾವನವರ ಟ್ರಂಕಿನಲ್ಲಿ ನೀಲಿ ಕಾಗದದ ನಕ್ಷೆ, ಆರೂ ಮನೆ ಗೆರೆ ಎಳೆದು ತೋರಿಸಿದ್ದು. ಮೂಲೆಯಲ್ಲಿ ಕಾರ್ಪೊರೇಷನ್ ಮಂಜೂರಾತಿಯ ಮೊಹರು ಇನ್ನೂ ಓದಲು ಬರುತ್ತದೆ. ಮಡಿಕೆಯಲ್ಲಿ ಹರಿದಿದೆ, ಭಾನುವಾರ ಜೋಪಾನವಾಗಿ ತರುತ್ತೇನೆ. ಜೆರಾಕ್ಸ್ ಮಾಡಿಸಿ ಮನವಿಗೆ ಲಗತ್ತಿಸು.